ಆಗುಂಬೆ ಇಳಿಜಾರಿನಲ್ಲಿ ಭಾರವಾದ ಚಕ್ರ

ಆಗುಂಬೆ ಎಂದೊಡನೆ ಬಹುತೇಕರ ಮನಸ್ಸು ಪಡುವಣಕ್ಕೆ ಹೊರಳುತ್ತದೆ. ಘಾಟಿಯ ನೆತ್ತಿಯ ಮೇಲಿನ ಕಟ್ಟೆ, ಎದುರಿಗೆ ಅಲೆಯಲೆಯಾಗಿ ಇಳಿದು ಹೋದ ಹಸಿರು, ದೂರದಲ್ಲಿ ಬೆಳ್ಳಿಯ ಗೆರೆಯಂತೆ ಅರಬ್ಬೀ ಸಮುದ್ರ, ಅದರೊಳಗೆ ಇಳಿಯುವ ಕೆಂಪು ಸೂರ್ಯ. ನವೆಂಬರಿನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿದ್ದ ಸಂಜೆಗಳಲ್ಲಿ ಆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಸೂರ್ಯ ಮುಳುಗಿದ ಹತ್ತೇ ನಿಮಿಷಕ್ಕೆ ಜನ ಚದುರುತ್ತಾರೆ. ಆಗುಂಬೆ ನೋಡಿ ಆಯಿತು ಎಂಬ ತೃಪ್ತಿ ಅವರದು.

ಆದರೆ ಮಲೆನಾಡಿನವರನ್ನು ಕೇಳಿ ನೋಡಿ. ಅವರ ಮಟ್ಟಿಗೆ ಆಗುಂಬೆ ಎಂದರೆ ಮೊದಲು ಘಾಟಿ, ಆಮೇಲೆ ಸೂರ್ಯಾಸ್ತ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಸಮುದ್ರದ ಮೀನಿಗೆ, ಮಕ್ಕಳ ಕಾಲೇಜಿಗೆ, ಉಡುಪಿ ಕೃಷ್ಣನ ದರ್ಶನಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಮಣಿಪಾಲದ ಆಸ್ಪತ್ರೆಗೆ ಇಳಿಯುವುದು ಈ ದಾರಿಯಲ್ಲಿ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚಿತೆಂದರೆ ಪ್ರವಾಸಿಗರ ಒಂದು ವಾರಾಂತ್ಯ ಹಾಳಾಗುತ್ತದೆ ಅಷ್ಟೆ. ಮಲೆನಾಡಿನವರಿಗೆ ಮಾತ್ರ ಆಸ್ಪತ್ರೆಯ ಬಾಗಿಲೇ ದೂರವಾಗುತ್ತದೆ.

ಈ ಎರಡನೆಯ ಆಗುಂಬೆಯನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ 2022ರ ನವೆಂಬರಿನಲ್ಲಿ ಒದಗಿ ಬಂತು. ಅದೂ ಲಕ್ಷಗಟ್ಟಲೆ ಬೆಲೆಯ ಐಷಾರಾಮಿ ವಾಹನವೊಂದರ ಕೃಪೆಯಿಂದ!

ನೀರು ಹೋಳಾಗುವ ಊರು

ಭೂಪಟದಲ್ಲಿ ಆಗುಂಬೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ತುದಿ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಶಾಲೆಯ ಮಕ್ಕಳಿಗೆ ನಾನು ಇದನ್ನು ಬೇರೆ ರೀತಿಯಲ್ಲಿ ಹೇಳುವುದುಂಟು. ಬಿದ್ದ ಮಳೆಯೆಲ್ಲ ಹರಿಯದೆ, ಇಂಗದೆ, ಆರದೆ ನಿಂತಿದ್ದರೆ ವರ್ಷದ ಕೊನೆಗೆ ನಿಮ್ಮ ಮನೆಯ ಎರಡನೆಯ ಮಹಡಿಯ ತಾರಸಿ ಮುಳುಗುತ್ತಿತ್ತು! ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಅರಬ್ಬೀ ಸಮುದ್ರದಿಂದ ಬಂದ ನೀರುಂಡ ಗಾಳಿ ಕರಾವಳಿಯ ಬಯಲನ್ನು ದಾಟಿ ಬಂದು ಇಲ್ಲಿ ಗೋಡೆಗೆ ಢಿಕ್ಕಿ ಹೊಡೆಯುತ್ತದೆ. ಮೇಲೇರಲೇಬೇಕು. ಏರಿದಂತೆ ತಣಿಯುತ್ತದೆ, ತಣಿದಂತೆ ಹೊತ್ತ ನೀರನ್ನು ಇಳಿಸುತ್ತದೆ. ಹೀಗೆ ಇಳಿದ ನೀರಿಗೂ ಇಲ್ಲಿ ಎರಡು ದಾರಿ. ಊರಿನ ಪೂರ್ವಕ್ಕೆ ಬಿದ್ದದ್ದು ಮಾಲತಿ ಹೊಳೆಯಾಗಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯ ಮಡಿಲಲ್ಲಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಪಶ್ಚಿಮದ ಅಂಚಿಗೆ ಬಿದ್ದದ್ದು ಸೀತಾನದಿಯ ಪಾಲಾಗಿ ಅರಬ್ಬೀ ಸಮುದ್ರಕ್ಕೆ ಹಿಂದಿರುಗುತ್ತದೆ. ಒಂದೇ ಮೋಡದ ಎರಡು ಹನಿಗಳು ಎರಡು ಸಮುದ್ರ ಸೇರುವ ಜಾಗವಿದು.

ಇದೇ ಅಂಚು ಒಂದು ಕಾಲಕ್ಕೆ ರಾಜ್ಯಗಳ ಗಡಿಯೂ ಆಗಿತ್ತು. ಮೇಲೆ ಮೈಸೂರು ಸಂಸ್ಥಾನ, ಕೆಳಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಘಾಟಿ ಇಳಿದವನು ಬೇರೆಯೇ ಆಡಳಿತದ ನೆಲಕ್ಕೆ ಕಾಲಿಡುತ್ತಿದ್ದ. ಈಗ ಇದು ಶಿವಮೊಗ್ಗ ಮತ್ತು ಉಡುಪಿ ಜಿಲ್ಲೆಗಳ ಗಡಿ ಮಾತ್ರ. ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 169ಎ ಎಂಬ ದೊಡ್ಡ ಹೆಸರು ಬಂದಿದೆ. ಹೆಸರು ದೊಡ್ಡದಾದರೂ ಘಾಟಿಯ ಸ್ವಭಾವ ಬದಲಾಗಿಲ್ಲ. ಆಗುಂಬೆಯಿಂದ ಕೆಳಗಿನ ಸೋಮೇಶ್ವರದವರೆಗೆ ಹತ್ತು ಕಿಲೋಮೀಟರಿನ ಒಳಗೆ ನೂರಾರು ಮೀಟರ್ ಇಳಿತ. ಈ ಇಳಿತವನ್ನು ಸಾಧ್ಯವಾಗಿಸಲು ರಸ್ತೆ ಹದಿನಾಲ್ಕು ಕಡೆ ತನ್ನ ಮೇಲೆಯೇ ಮಡಚಿಕೊಳ್ಳುತ್ತದೆ. ಹೆಂಗಸರ ಹೇರ್‌ಪಿನ್ನಿನಂತೆ ಬಾಗಿರುವುದರಿಂದ ಇವಕ್ಕೆ ಹೇರ್‌ಪಿನ್ ತಿರುವು ಎಂದೇ ಹೆಸರು.

ಈ ತಿರುವುಗಳೇ ಇಲ್ಲಿನ ವಾಹನಗಳ ಗಾತ್ರವನ್ನು ನಿರ್ಧರಿಸಿವೆ. ಉದ್ದನೆಯ ಬಸ್ಸು ಇಲ್ಲಿ ತಿರುಗಲಾರದು. ಹಾಗಾಗಿ ಘಾಟಿಯ ಸಾರಿಗೆ ಎಂದರೆ ಗಿಡ್ಡನೆಯ ಮಿನಿ ಬಸ್ಸುಗಳದು. ಬುಟ್ಟಿ, ಚೀಲ, ಕಾಲೇಜು ಹುಡುಗರು, ಆಸ್ಪತ್ರೆಯ ಫೈಲು ಹಿಡಿದ ವೃದ್ಧರು ಎಲ್ಲರನ್ನೂ ತುಂಬಿಕೊಂಡು, ಹಾರನ್ನು ಬಾರಿಸುತ್ತ, ಅವು ಕಾಡಿನ ನಡುವೆ ಏರಿಳಿಯುವುದನ್ನು ನೋಡುವುದೇ ಒಂದು ಸೊಗಸು.

ಸೊಳ್ಳೆಯ ಸದ್ದು

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ಎತ್ತರದ, ಅಗಲದ, ಎರಡು ಟನ್ನಿಗೂ ಮೀರಿದ ತೂಕದ, ಚರ್ಮದ ಆಸನಗಳ ವಾಹನವೊಂದನ್ನು ಆತ ಕೊಂಡಿದ್ದ. ಈಗಿನ ಭಾಷೆಯಲ್ಲಿ ಎಸ್‌ಯುವಿ. ಅದರೊಳಗೆ ಕುಳಿತರೆ ಹೊರಗಿನ ಗುಂಡಿಗಳೆಲ್ಲ ಬೇರೆ ಯಾರದೋ ಸಮಸ್ಯೆ ಎನ್ನಿಸುತ್ತದೆ. ಸ್ಟಿಯರಿಂಗ್ ಚಕ್ರವಂತೂ ಬೆರಳ ತುದಿಗೆ ಬೆಣ್ಣೆಯಂತೆ ತಿರುಗುತ್ತಿತ್ತು.

ಉಡುಪಿಯ ಲಕ್ಷದೀಪೋತ್ಸವ ನೋಡಬೇಕೆಂಬುದು ಅಕ್ಕನ ಬಹುದಿನದ ಆಸೆ. ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಹೊರಟೆವು. ಅಳಿಯ ಚಾಲಕ, ಪಕ್ಕದಲ್ಲಿ ನಾನು, ಹಿಂದೆ ಅಕ್ಕ, ನನ್ನಾಕೆ, ಅಳಿಯನ ಹತ್ತು ವರ್ಷದ ಮಗ. ಮೇಗರವಳ್ಳಿ ದಾಟುವಾಗ ನನ್ನ ಕಿವಿಗೆ ಸಣ್ಣ ಸದ್ದೊಂದು ಬಿತ್ತು. ರಸ್ತೆ ತಿರುಗಿದಾಗಲೆಲ್ಲ ಕಿವಿಯ ಬಳಿ ಸೊಳ್ಳೆ ಹಾರಿದಂತೆ ‘ಗುಂಯ್’ ಎನ್ನುವುದು, ನೇರ ದಾರಿಯಲ್ಲಿ ತಣ್ಣಗಾಗುವುದು. ಕೇಳಿದಾಗ ಅಳಿಯ, “ಅದು ಒಂದು ತಿಂಗಳಿಂದ ಇದೆ ಮಾವ. ಸರ್ವೀಸ್‌ನವರು ನೋಡಿ, ಈ ಗಾಡಿಗೆ ಇದು ಮಾಮೂಲು ಅಂದರು” ಎಂದ.

ಯಂತ್ರಗಳಲ್ಲಿ ಮಾಮೂಲು ಸದ್ದು ಎಂಬುದೊಂದು ಇರಬಹುದು. ಆದರೆ ತಿರುಗಿಸಿದಾಗ ಮಾತ್ರ ಬಂದು, ದಿನೇದಿನೇ ಏರುವ ಸದ್ದು ಏನನ್ನೋ ಹೇಳಲು ಬಯಸುತ್ತಿರುತ್ತದೆ.

ಆಗುಂಬೆಯಲ್ಲಿ ಚಹಾ ಕುಡಿದೆವು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಡೆದ ದೊಡ್ಡಮನೆಯನ್ನು ಹುಡುಗನಿಗೆ ಹೊರಗಿನಿಂದಲೇ ತೋರಿಸಿದೆವು. ಸೂರ್ಯಾಸ್ತಕ್ಕೆ ಇನ್ನೂ ಮೂರು ಗಂಟೆ ಇದ್ದುದರಿಂದ ಕಟ್ಟೆಯ ಬಳಿ ನಿಲ್ಲದೆ ಘಾಟಿ ಇಳಿಯತೊಡಗಿದೆವು. ಮೊದಲ ಮೂರು ತಿರುವುಗಳು ಸಲೀಸಾಗಿ ಸಾಗಿದವು. ಆ ಸೊಳ್ಳೆಯ ಸದ್ದು ಮಾತ್ರ ಈಗ ಸಣ್ಣ ಸೈರನ್ನಿನಂತಾಗಿತ್ತು.

ತಿರುವಿನಲ್ಲಿ ನಿಂತ ಗಾಡಿ

ಮುಂದಿನ ತಿರುವಿನ ಅರ್ಧಕ್ಕೆ ಬಂದಿದ್ದೇವೆ, ಅಳಿಯ “ಅಯ್ಯೋ!” ಎಂದ. ಬೆಣ್ಣೆಯಂತಿದ್ದ ಚಕ್ರ ಅವನ ಕೈಯಲ್ಲಿ ಕಲ್ಲಾಗಿತ್ತು. ಎದುರಿನ ಫಲಕದಲ್ಲಿ ಕೆಂಪು ದೀಪ. ಗಾಡಿ ತಿರುವನ್ನು ಪೂರೈಸದೆ ನೇರ ಹೊರಗೋಡೆಯತ್ತ ಮುಖ ಮಾಡಿತು. ಅದರಾಚೆ ಮರಗಳ ತಲೆಗಳು ಮಾತ್ರ ಕಾಣುತ್ತಿದ್ದವು. ಪುಣ್ಯಕ್ಕೆ ವೇಗವಿರಲಿಲ್ಲ, ಬ್ರೇಕು ಸರಿಯಿತ್ತು. ಗೋಡೆಗೆ ಎರಡು ಮಾರು ದೂರದಲ್ಲಿ ಗಾಡಿ ಅಡ್ಡಡ್ಡಲಾಗಿ ನಿಂತಿತು. ಹಿಂದಿನಿಂದ ಅಕ್ಕನ ‘ಕೃಷ್ಣಾ ಕೃಷ್ಣಾ’ ಬಿಟ್ಟರೆ ಬೇರೆ ಸದ್ದಿಲ್ಲ.

ಎಲ್ಲರನ್ನೂ ಇಳಿಸಿ, ಗೋಡೆಯ ಕಡೆಗಲ್ಲದೆ ಗುಡ್ಡದ ಕಡೆ ನಿಲ್ಲಿಸಿದೆವು. ಚಕ್ರಕ್ಕೆ ಕಲ್ಲು ಕೊಟ್ಟೆವು. ಬಾನೆಟ್ ಎತ್ತಿದರೆ ಒಳಗೆಲ್ಲ ಕೆಂಬಣ್ಣದ ಎಣ್ಣೆಯ ಸ್ನಾನ. ಅದು ತೊಟ್ಟಿಕ್ಕುತ್ತ ಡಾಂಬರಿನ ಮೇಲೆ ಗೆರೆ ಬರೆದಿತ್ತು. ಸ್ಟಿಯರಿಂಗಿನ ಎಣ್ಣೆಯ ಪುಟ್ಟ ಡಬ್ಬಿ ಖಾಲಿ.

ಇಲ್ಲಿ ಎರಡು ಮಾತು ವಿಜ್ಞಾನ ಹೇಳಿದರೆ ಓದುಗರು ಬೇಸರಿಸಬಾರದು.

ವಾಹನದ ಮುಂದಿನ ಚಕ್ರಗಳ ಮೇಲೆ ಒಂದು ಟನ್ನಿನಷ್ಟು ಭಾರ ಕುಳಿತಿರುತ್ತದೆ. ಅಗಲವಾದ ಟೈರು ನೆಲವನ್ನು ಕಚ್ಚಿ ಹಿಡಿದಿರುತ್ತದೆ. ಅದನ್ನು ನಿಂತಲ್ಲೇ ತಿರುಗಿಸುವುದೆಂದರೆ ರಬ್ಬರನ್ನು ಡಾಂಬರಿನ ಮೇಲೆ ಅರೆದಂತೆ. ಈ ಶ್ರಮ ನಮಗೆ ತಿಳಿಯದಿರುವುದು ಪವರ್ ಸ್ಟಿಯರಿಂಗ್ ದಯೆಯಿಂದ. ಎಂಜಿನ್ನಿನ ಪಟ್ಟಿಯೊಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ವಾಯುಮಂಡಲದ ಒತ್ತಡದ ಸುಮಾರು ನೂರು ಪಟ್ಟಿನವರೆಗೆ ಒತ್ತುತ್ತದೆ. ಸ್ಟಿಯರಿಂಗ್ ಕಂಬದ ಬುಡದಲ್ಲಿ ತೆಳುವಾದ ಉಕ್ಕಿನ ಸರಳೊಂದಿದೆ. ನೀವು ಚಕ್ರ ತಿರುಗಿಸಲು ಯತ್ನಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಂಡು ಒಂದು ಕವಾಟವನ್ನು ತೆರೆಯುತ್ತದೆ. ಒತ್ತಡದ ಎಣ್ಣೆ ಪಿಸ್ಟನ್ನಿನ ಒಂದು ಪಕ್ಕಕ್ಕೆ ನುಗ್ಗಿ ಚಕ್ರಗಳನ್ನು ತಳ್ಳುತ್ತದೆ. ಎಂಟನೆಯ ತರಗತಿಯಲ್ಲಿ ಸಿರಿಂಜುಗಳನ್ನು ನಳಿಕೆಯಿಂದ ಜೋಡಿಸಿ ನಾವು ತೋರಿಸುವ ಪಾಸ್ಕಲನ ನಿಯಮವೇ ಇದು. ನೀವು ಕೊಡುವುದು ಸೂಚನೆ, ದುಡಿಯುವುದು ಎಣ್ಣೆ.

ಎಣ್ಣೆ ಸೋರಿ ಕಡಿಮೆಯಾದಾಗ ಪಂಪು ಗಾಳಿಯನ್ನೂ ನುಂಗತೊಡಗುತ್ತದೆ. ಆ ಸೊಳ್ಳೆಯ ಸದ್ದು ಅದೇ. ಎಣ್ಣೆ ಪೂರ್ತಿ ಹೋದಾಗ ನೆರವು ನಿಲ್ಲುತ್ತದೆ. ಆದರೆ ಒಂದು ಸಂಗತಿ ಎಲ್ಲ ಚಾಲಕರಿಗೂ ತಿಳಿದಿರಬೇಕು. ಇಂಥ ವ್ಯವಸ್ಥೆಯಲ್ಲಿ ನೆರವು ಹೋದರೂ ನಿಮ್ಮ ಕೈಗೂ ರಸ್ತೆಯ ಮೇಲಿನ ಚಕ್ರಕ್ಕೂ ಇರುವ ಕಬ್ಬಿಣದ ನಂಟು ಹಾಗೇ ಇರುತ್ತದೆ. ಚಕ್ರ ಭಾರವಾಗುತ್ತದೆ, ಬೀಗ ಬೀಳುವುದಿಲ್ಲ. ಅಂತರರಾಷ್ಟ್ರೀಯ ವಾಹನ ನಿಯಮಗಳೂ ಇದನ್ನು ಗಮನಿಸಿವೆ. ಗಂಟೆಗೆ 10 ಕಿಲೋಮೀಟರ್ ವೇಗದ ಪರೀಕ್ಷೆಯಲ್ಲಿ, ನೆರವು ಸರಿಯಿದ್ದಾಗ ಕಾರಿನ ಚಾಲಕ ಹಾಕಬೇಕಾದ ಬಲ 150 ನ್ಯೂಟನ್ ಮೀರಬಾರದು, ನೆರವು ಕೆಟ್ಟಾಗ 300 ನ್ಯೂಟನ್ ಮೀರಬಾರದು. ಮುನ್ನೂರು ನ್ಯೂಟನ್ ಎಂದರೆ ಸುಮಾರು ಮೂವತ್ತು ಕಿಲೋ ಅಕ್ಕಿ ಮೂಟೆ ಎತ್ತುವ ಬಲ. ಬಯಲಿನಲ್ಲಿ ಅದು ಸಾಧ್ಯ. ಇಳಿಜಾರಿನ ಹೇರ್‌ಪಿನ್ನಿನಲ್ಲಿ, ಅಭ್ಯಾಸವಿಲ್ಲದ ಕೈಗೆ, ನಿಂತ ಗಾಡಿಯಲ್ಲಿ?

ಅಳಿಯ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಸಿಗ್ನಲ್ಲಿನ ಒಂದೇ ಕಡ್ಡಿ ಬರುತ್ತ ಹೋಗುತ್ತ ಇತ್ತು. ಆ ಕಡೆಯ ಹುಡುಗಿ ಬಹಳ ವಿನಯದಿಂದ ಹೇಳಿದ್ದಿಷ್ಟು: ಎಂಜಿನ್ ಚಾಲೂ ಮಾಡಬೇಡಿ, ಮಾಡಿದರೆ ಪಂಪು ಸುಟ್ಟು ಹೋಗುತ್ತದೆ, ವಾರಂಟಿ ಸಿಗುವುದಿಲ್ಲ. ಗಾಡಿ ಹೊತ್ತೊಯ್ಯುವ ಲಾರಿ ಬರಲು ನಾಲ್ಕು ಗಂಟೆ ಬೇಕು.

ಆ ಲಾರಿ ಈ ತಿರುವಿನಲ್ಲಿ ಹೇಗೆ ತಿರುಗೀತು ಎಂದು ನಾನು ಯೋಚಿಸುತ್ತಿರುವಾಗಲೇ ಕೆಳಗಿನಿಂದ ಮಿನಿ ಬಸ್ಸೊಂದು ಏದುಸಿರು ಬಿಡುತ್ತ ಬಂದು ನಿಂತಿತು. ಅದರ ಹಿಂದೆ ಎರಡು ಕಾರು. ಮೇಲಿನಿಂದ ಮೂರು ಕಾರು, ಒಂದು ಟೆಂಪೊ. ಬೈಕುಗಳು ಮಾತ್ರ ಸಂದಿಯಲ್ಲಿ ನುಸುಳುತ್ತಿದ್ದವು. ಹತ್ತು ನಿಮಿಷದಲ್ಲಿ ಎರಡೂ ಕಡೆ ಸಾಲು ಬೆಳೆಯಿತು. ಆಗ ಮೇಲಿನ ತಿರುವಿನಿಂದ ಬೇರೊಂದು ಸದ್ದು ಕೇಳಿಬಂತು. ಈ ಸಲ ಅದು ನಿಜವಾದ ಸೈರನ್ನು.

ಪಂಪು ಹೋದರೆ ಹೋಗಲಿ

ಮಣಿಪಾಲಕ್ಕೆ ಹೊರಟ ಆಂಬುಲೆನ್ಸ್. ಒಳಗೆ ಎದೆನೋವಿನ ರೋಗಿ ಎಂದರು. ಚಾಲಕ ಇಳಿದು ಓಡಿ ಬಂದು ನಮ್ಮ ಗಾಡಿಯನ್ನು ನೋಡಿದ. ಬೈಯಲಿಲ್ಲ. “ಸರ್, ಏನಾದರೂ ಮಾಡಿ” ಎಂದ ಅಷ್ಟೆ. ಆ ಮಾತಿನ ಮುಂದೆ ಬೈಗುಳವೇ ಹಗುರವಾಗಿ ಕಾಣುತ್ತಿತ್ತು.

ಮಿನಿ ಬಸ್ಸಿನಿಂದ ಹತ್ತಾರು ಜನ ಇಳಿದಿದ್ದರು. ಅವರಲ್ಲಿ ಬಿಳಿ ಮೀಸೆಯ, ಪಂಚೆಯುಟ್ಟ ಹಿರಿಯರೊಬ್ಬರು ಬಾನೆಟ್ಟಿನೊಳಗೆ ಒಮ್ಮೆ ಬಗ್ಗಿ ನೋಡಿದರು. ಇದೇ ಘಾಟಿಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿ ನಿವೃತ್ತರಾದವರು ಎಂದು ಕಂಡಕ್ಟರ್ ಹೇಳಿದ. ಹಿರಿಯರು, “ಎಣ್ಣೆ ಹೋದದ್ದು ಮಾರಾಯ್ರೆ. ಸ್ಟಿಯರಿಂಗ್ ಎಲ್ಲಿಗೂ ಹೋಗ್ಲಿಲ್ಲ. ನಮ್ಮ ಕಾಲದ ಗಾಡಿಯಲ್ಲಿ ಈ ಎಣ್ಣೆಯೇ ಇರ್ಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡುವ” ಎಂದರು.

ಅಳಿಯ ನನ್ನ ಮುಖ ನೋಡಿದ. ಇಂಥ ಗಾಡಿಗಳ ಒಂದು ಪಂಪಿನ ಬೆಲೆ ಸಾಧಾರಣ ಸಂಸಾರದ ಕೆಲವು ತಿಂಗಳ ಖರ್ಚು. ಕಂಪನಿಯವರು ಬೇಡವೆಂದದ್ದನ್ನು ಮಾಡಿದರೆ ಅದು ಅವನ ತಲೆಗೇ ಬರುವುದು ಖಚಿತ. ಎಂಜಿನ್ ಹಚ್ಚದೆ ಗಾಡಿಯನ್ನು ಹಾಗೇ ಉರುಳಿಸಬಹುದಲ್ಲ ಎಂದರೆ ಅದೂ ಅಪಾಯ. ಎಂಜಿನ್ ನಿಂತಿದ್ದರೆ ಬ್ರೇಕಿನ ನೆರವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಇಳಿಜಾರಿನಲ್ಲಿ ಚಕ್ರವೂ ಭಾರ, ಬ್ರೇಕೂ ಭಾರ ಎಂದಾದರೆ ಎರಡು ಟನ್ನು ತೂಕವನ್ನು ಹಿಡಿಯುವವರು ಯಾರು?

ಅಳಿಯ ಹೆಚ್ಚು ಹೊತ್ತು ಯೋಚಿಸಲಿಲ್ಲ. ಬೀಗದ ಕೈಯನ್ನು ಹಿರಿಯರ ಕೈಗೆ ಕೊಟ್ಟು, “ಪಂಪು ಹೋದರೆ ಹೋಗಲಿ, ಗಾಡಿ ಸರಿಸಿ” ಎಂದ. ಅಕ್ಕನ ಮಗ ಎಂದು ಹೇಳುತ್ತಿಲ್ಲ, ಆ ಕ್ಷಣ ಅವನ ಬಗ್ಗೆ ನನಗೆ ಹೆಮ್ಮೆಯೆನಿಸಿತು.

ಮುಂದಿನದು ನೋಡಬೇಕಾದ ದೃಶ್ಯ. ಎಂಜಿನ್ ಚಾಲೂ ಆದೊಡನೆ ಒಣಗಿದ ಪಂಪು ಕಿರುಚಿತು. ಹಿರಿಯರು ಅದನ್ನು ಲೆಕ್ಕಿಸದೆ ಮೊದಲು ಬ್ರೇಕನ್ನು ಎರಡು ಸಲ ಒತ್ತಿ ಪರೀಕ್ಷಿಸಿದರು. ಆಮೇಲೆ ಸೀಟನ್ನು ಮುಂದಕ್ಕೆ ಎಳೆದು, ಚಕ್ರಕ್ಕೆ ಎದೆ ಹತ್ತಿರ ತಂದು ಕುಳಿತರು. ಪಕ್ಕದ ಸೀಟಿನಲ್ಲಿ ಅಳಿಯ. “ನಿಂತಾಗ ತಿರುಗಿಸ್ಲಿಕ್ಕೆ ಹೋಗ್ಬೇಡಿ. ಗಾಡಿ ಒಂದು ಗೇಣು ಹಂದಾಡಿದಾಗ ನಾನು ಹೇಳ್ತೇನೆ, ಆಗ ನೀವೂ ಎಳೀರಿ” ಎಂದರು. ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಅದು ಘರ್ಷಣೆಯ ಪಾಠ. ನಿಂತ ಟೈರನ್ನು ಅರೆಯಬೇಕು. ಉರುಳುವ ಟೈರು ಪ್ರತಿ ಕ್ಷಣವೂ ಹೊಸ ನೆಲ ಮುಟ್ಟುವುದರಿಂದ ಅದನ್ನು ಓರೆ ಮಾಡುವುದು ಎಷ್ಟೋ ಸುಲಭ.

ಹಿಂದಕ್ಕೆ ಒಂದು ಮೊಳ, ಆ ಕಡೆ ಕಾಲು ಸುತ್ತು. ಮುಂದಕ್ಕೆ ಒಂದು ಮೊಳ, ಈ ಕಡೆ ಅರ್ಧ ಸುತ್ತು. ಹಿಂದೆ ಹೋಗುವಾಗ ಬಸ್ಸಿನವರೂ ಕಾರಿನವರೂ ಮುಂದಿನಿಂದ ಹೆಗಲು ಕೊಟ್ಟರು. ಹಿಂದಿನ ಚಕ್ರಕ್ಕೆ ಇಬ್ಬರು ಹುಡುಗರು ಕಲ್ಲು ಇಡುವುದು, ತೆಗೆಯುವುದು. ಆಂಬುಲೆನ್ಸಿನ ಚಾಲಕನೇ ಗೋಡೆಯ ಬಳಿ ನಿಂತು ಕೈ ಸನ್ನೆ ಮಾಡುತ್ತಿದ್ದ. ಆರನೆಯ ಸಲಕ್ಕೆ ಗಾಡಿಯ ಮೂತಿ ಗೋಡೆಯನ್ನು ಬಿಟ್ಟು ಕೆಳಗಿನ ರಸ್ತೆಯತ್ತ ಹೊರಳಿತು. ಹಿರಿಯರು ಅದನ್ನು ಆಮೆಯ ವೇಗದಲ್ಲಿ ಇಳಿಸಿ, ತಿರುವಿನಾಚೆ ರಸ್ತೆ ಅಗಲವಾಗಿದ್ದಲ್ಲಿ ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದರು. ಆಂಬುಲೆನ್ಸ್ ಪಕ್ಕದಲ್ಲೇ ಹಾದು ಹೋಯಿತು. ಕಿಟಕಿಯಲ್ಲಿ ಹೆಂಗಸೊಬ್ಬಳ ಮುಖ ಒಂದು ಕ್ಷಣ ಕಂಡಿತು. ಸೈರನ್ನಿನ ಸದ್ದು ಒಂದೊಂದೇ ತಿರುವು ಇಳಿಯುತ್ತ ಕಾಡಿನಲ್ಲಿ ಕರಗಿತು. ಒಳಗಿದ್ದವರು ಯಾರು, ಆಮೇಲೆ ಏನಾಯಿತು, ನಮಗೆ ತಿಳಿಯಲಿಲ್ಲ. ಒಟ್ಟು ನಿಂತದ್ದು ಇಪ್ಪತ್ತು ನಿಮಿಷ ಇರಬಹುದು. ಎದೆನೋವಿನವನಿಗೆ ಇಪ್ಪತ್ತು ನಿಮಿಷ ಎಷ್ಟು ದೊಡ್ಡದು ಎಂಬುದನ್ನು ವೈದ್ಯರು ಹೇಳಬೇಕು.

ನಡೆದು ನೋಡಿದ ಘಾಟಿ

ಏರು ದಾರಿಯ ಮಿನಿ ಬಸ್ಸು ಹೊರಡಬೇಕಿತ್ತು. ಹಿರಿಯರು ಮಾತ್ರ, “ನಾನು ನಾಳೆ ಮೇಲೆ ಹೋದರೂ ಆಯ್ತು” ಎಂದು ಉಳಿದರು. ಅಕ್ಕ ಮತ್ತು ನನ್ನಾಕೆಯನ್ನು ಇಳಿಯುವ ಬಸ್ಸೊಂದು ಸೋಮೇಶ್ವರಕ್ಕೆ ಕರೆದೊಯ್ದಿತು. ಗಾಡಿಯಲ್ಲಿ ಭಾರ ಕಡಿಮೆಯಿರಲಿ ಎಂದು ಹಿರಿಯರು ಮತ್ತು ಅಳಿಯ ಇಬ್ಬರೇ ಕುಳಿತು, ಕೆಳಗಿನ ಗೇರಿನಲ್ಲಿ, ಎರಡೂ ಬದಿಯ ದೀಪ ಮಿನುಗಿಸುತ್ತ ಹೊರಟರು. ನಾನು ಮತ್ತು ಹುಡುಗ ಸ್ವಲ್ಪ ದೂರ ನಡೆದೆವು.

ವಾಹನದಲ್ಲಿ ಕುಳಿತು ಹತ್ತಾರು ಸಲ ಇಳಿದ ಘಾಟಿ ನಡೆಯುವಾಗ ಬೇರೆಯೇ ಆಗಿ ಕಂಡಿತು. ಮಳೆಗಾಲ ಮುಗಿದು ಎರಡು ತಿಂಗಳಾಗುತ್ತ ಬಂದಿದ್ದರೂ ಗುಡ್ಡದ ಬದಿಯ ಬಂಡೆಗಳಿಂದ ನೀರು ಜಿನುಗುತ್ತಲೇ ಇತ್ತು. ಗೋಡೆಯ ಕಲ್ಲುಗಳ ಮೇಲೆ ಹಾವಸೆಯ ಮಖಮಲ್ಲು. ಧೂಪದ ಮರಗಳು ಕೆಳಗಿನ ಕಣಿವೆಯಿಂದ ಎದ್ದು ರಸ್ತೆಯ ಮಟ್ಟಕ್ಕೆ ತಲೆ ತಂದಿದ್ದವು. ಸೀಟಿ ಹೊಡೆದಂತೆ ಹಾಡುವ ಮಲಬಾರ್ ವಿಸ್ಲಿಂಗ್ ಥ್ರಶ್ ಎಲ್ಲೋ ಹಳ್ಳದ ಬಳಿ ಒಂದೆರಡು ಸ್ವರ ಎಳೆದು ಸುಮ್ಮನಾಯಿತು. ಪ್ರವಾಸಿಗರ ಬಿಸ್ಕತ್ತಿಗೆ ಒಗ್ಗಿಹೋದ ಕೋತಿಗಳು ಗೋಡೆಯ ಮೇಲೆ ಕುಳಿತು ನಮ್ಮ ಕೈಗಳನ್ನು ಪರೀಕ್ಷಿಸಿದವು. ರಸ್ತೆಯ ಈ ಬದಿ, ಆ ಬದಿ ಎರಡೂ ಸೋಮೇಶ್ವರ ವನ್ಯಧಾಮದ ಕಾಡು. ಅಳಿವಿನಂಚಿನ ಸಿಂಗಳೀಕ ಇದೇ ಪಶ್ಚಿಮಘಟ್ಟದ ಒಡೆಯ. ಮೇಲೆ ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಹೆಸರಾಗಿದೆ.

ತಿರುವುಗಳಲ್ಲಿ ನಿಂತು ಹುಡುಗನಿಗೆ ಟೈರಿನ ಗುರುತುಗಳನ್ನು ತೋರಿಸಿದೆ. ಒಳಬದಿಯ ಚಕ್ರ ಹೆಚ್ಚು ಬಾಗಿ ಸಣ್ಣ ವೃತ್ತ ಬರೆಯಬೇಕು, ಹೊರಬದಿಯದು ಕಡಿಮೆ ಬಾಗಿ ದೊಡ್ಡ ವೃತ್ತ ಬರೆಯಬೇಕು. ಎರಡೂ ಸಮನಾಗಿ ಬಾಗಿದರೆ ಒಂದು ಟೈರು ಸವೆಯಲೇಬೇಕು. ಈ ಉಪಾಯ ಕಾರಿಗಿಂತ ಹಳೆಯದು. ಮ್ಯೂನಿಕ್ಕಿನ ಗಾಡಿ ತಯಾರಕ ಲ್ಯಾಂಕೆನ್‌ಸ್ಪೆರ್ಗರ್ 1817ರಲ್ಲಿ ಕುದುರೆ ಸಾರೋಟಿಗಾಗಿ ಇದನ್ನು ರೂಪಿಸಿದ. ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಆಕರ್‌ಮನ್ನನ ಹೆಸರು ಅದಕ್ಕೆ ಅಂಟಿಕೊಂಡಿತು. ದುಡಿದವನೊಬ್ಬ, ಹೆಸರು ಇನ್ನೊಬ್ಬನದು!

ಪವರ್ ಸ್ಟಿಯರಿಂಗಿನ ಕತೆಯೂ ವಿಚಿತ್ರವೇ. ಲಾರಿಗಳ ಭಾರವಾದ ಚಕ್ರ ತಿರುಗಿಸಲು ಚಾಲಕರು ಪಡುವ ಪಾಡನ್ನು ಕಂಡ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಎಣ್ಣೆಯ ಒತ್ತಡದ ಸ್ಟಿಯರಿಂಗನ್ನು ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ. ದುಬಾರಿ ಎಂದು ಕಾರು ಕಂಪನಿಗಳು ಕೈಬಿಟ್ಟವು. ಎರಡನೆಯ ಮಹಾಯುದ್ಧದಲ್ಲಿ ಭಾರಿ ಸೇನಾ ವಾಹನಗಳಿಗೆ ಅದೇ ಬೇಕಾಯಿತು. ಮಾರಾಟದ ಕಾರಿನಲ್ಲಿ ಮೊದಲು ಕಾಣಿಸಿಕೊಂಡದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಣ್ಣೆಯ ಬದಲು ವಿದ್ಯುತ್ ಮೋಟರಿನ ನೆರವು ಪಡೆಯುವ ಬಗೆ 1988ರಲ್ಲಿ ಜಪಾನಿನ ಪುಟ್ಟ ಸುಜುಕಿ ಸರ್ವೊದಲ್ಲಿ ಬಂತು. ಈಗಿನ ಹೊಸ ಕಾರುಗಳಲ್ಲಿ ಅದೇ ಹೆಚ್ಚು. ನಮ್ಮಲ್ಲಾದರೋ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಲ ಮಾರುತಿಗಳ ಕಾಲದಲ್ಲಿ ರಟ್ಟೆಯೇ ಪವರ್, ರಟ್ಟೆಯೇ ಸ್ಟಿಯರಿಂಗ್.

ಇನ್ನೊಂದು ಸೂಕ್ಷ್ಮವನ್ನು ಹಿರಿಯರೇ ಆಮೇಲೆ ಹೇಳಿದರು. ಹಳೆಯ ಬಸ್ಸಿನ ಸ್ಟಿಯರಿಂಗ್ ಚಕ್ರ ಮೊರದಗಲ ಇರುತ್ತಿತ್ತು. ಚಕ್ರ ದೊಡ್ಡದಾದಷ್ಟೂ ಸನ್ನೆಕೋಲು ಉದ್ದ, ಬಲ ಕಡಿಮೆ ಸಾಕು. ಒಂದು ತಿರುವಿಗೆ ಹೆಚ್ಚು ಸುತ್ತು ಸುತ್ತಬೇಕಿತ್ತು, ಆದರೆ ಪ್ರತಿ ಸುತ್ತೂ ಮನುಷ್ಯನ ಕೈಗೆ ಎಟುಕುವಷ್ಟು ಹಗುರ. ಐಷಾರಾಮಿ ಗಾಡಿಯಲ್ಲಿ ಎಣ್ಣೆ ಇದ್ದೇ ಇರುತ್ತದೆಂಬ ಭರವಸೆಯಿಂದ ಚಕ್ರವನ್ನು ಚಿಕ್ಕದು ಮಾಡಿ, ಸುತ್ತುಗಳನ್ನೂ ಕಡಿಮೆ ಮಾಡಿರುತ್ತಾರೆ. ಹಾಗಾಗಿ ನೆರವು ಹೋದಾಗ ಅದು ಹಳೆಯ ಗಾಡಿಗಿಂತ ಹೆಚ್ಚು ಭಾರ. “ಕೋಲು ಹಿಡಿದು ನಡೆಯುವವನ ಕೋಲು ಕಸಿದ ಹಾಗೆ” ಎಂದರು ಅವರು. ನನ್ನ ಇಷ್ಟು ವರ್ಷದ ಪಾಠದಲ್ಲಿ ಈ ಉಪಮೆ ಹೊಳೆದಿರಲಿಲ್ಲ.

ಎರಡು ತಿರುವು ನಡೆದ ಮೇಲೆ ಕಾರೊಂದು ನಮ್ಮನ್ನು ಹತ್ತಿಸಿಕೊಂಡಿತು. ನಮ್ಮ ಗಾಡಿ ಸೋಮೇಶ್ವರ ಮುಟ್ಟಿದಾಗ ಹಿರಿಯರ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಹೆಬ್ರಿಯಿಂದ ಬಂದ ಮೆಕ್ಯಾನಿಕ್ ಎರಡೇ ನಿಮಿಷದಲ್ಲಿ ಕಾಯಿಲೆ ಹೇಳಿದ. ಪಂಪಿನಿಂದ ಹೊರಡುವ ಒತ್ತಡದ ಕೊಳವೆ ಅದರ ಲೋಹದ ಬಿಗಿಪಟ್ಟಿಯ ಬಳಿ ಬಿರಿದಿತ್ತು. ತಿಂಗಳಿಂದ ಹನಿಹನಿಯಾಗಿ ಸೋರಿ, ಘಾಟಿಯ ಸತತ ತಿರುವಿನ ಒತ್ತಡಕ್ಕೆ ಪೂರ್ತಿ ಬಾಯಿಬಿಟ್ಟಿತ್ತು. ಮರುದಿನ ಕಂಪನಿಯ ಲಾರಿ ಬಂದು ಗಾಡಿಯನ್ನು ಒಯ್ದಿತು. ಎಂಜಿನ್ ಓಡಿಸಿದ ಕಾರಣ ಕೊಟ್ಟು ಪಂಪಿನ ಹಣವನ್ನು ಅಳಿಯನಿಂದಲೇ ವಸೂಲು ಮಾಡಿದರು. ಆ ಬಿಲ್ಲಿನ ಬಗ್ಗೆ ಅವನು ಇದುವರೆಗೆ ಒಂದು ಮಾತೂ ಆಡಿಲ್ಲ. ಹಿರಿಯರು ಮಾತ್ರ ಕೊಟ್ಟ ಹಣವನ್ನು ಮುಟ್ಟಲಿಲ್ಲ. ಒಂದು ಲೋಟ ಚಹಾ ಕುಡಿದು, ಕೊನೆಯ ಮಿನಿ ಬಸ್ಸು ಹತ್ತಿ ಮೇಲೆ ಹೋದರು.

ಘಾಟಿಗೆ ಹೊರಡುವ ಮುನ್ನ

ಆಗುಂಬೆಗೆ ಹೋಗುವವರಿಗೆ ನಾಲ್ಕು ಮಾತು. ಎಣ್ಣೆಯ ಪವರ್ ಸ್ಟಿಯರಿಂಗ್ ಇರುವ ಗಾಡಿಯಾದರೆ ಹೊರಡುವ ಮೊದಲು ಬಾನೆಟ್ ಎತ್ತಿ ಆ ಪುಟ್ಟ ಡಬ್ಬಿಯ ಎಣ್ಣೆ ಗೆರೆಯ ಮಟ್ಟದಲ್ಲಿದೆಯೇ ನೋಡಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ ಬಿದ್ದಿದ್ದರೆ, ತಿರುಗಿಸಿದಾಗ ಸದ್ದು ಬರುತ್ತಿದ್ದರೆ ಘಾಟಿಯ ಮಾತು ಬಿಟ್ಟು ಮೊದಲು ರಿಪೇರಿ ಮಾಡಿಸಿ. ದಾರಿಯಲ್ಲಿ ಚಕ್ರ ಭಾರವಾದರೆ ಗಾಬರಿಯಿಂದ ಎಂಜಿನ್ ಆರಿಸಬೇಡಿ. ವೇಗ ತಗ್ಗಿಸಿ, ಎರಡೂ ಕೈಯಿಂದ ಹಿಡಿದು, ಗಾಡಿ ಉರುಳುತ್ತಿರುವಾಗಲೇ ತಿರುಗಿಸಿ, ಅಗಲವಾದ ಜಾಗ ಕಂಡೊಡನೆ ಬದಿಗೆ ನಿಲ್ಲಿಸಿ. ಮತ್ತೆ ಘಾಟಿಯ ಹಳೆಯ ನಿಯಮವೊಂದಿದೆ. ಏರುವವರಿಗೆ ದಾರಿ ಬಿಡಬೇಕಾದವರು ಇಳಿಯುವವರು.

ಶಿವಮೊಗ್ಗದಿಂದ ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆಗೆ ಸುಮಾರು 95 ಕಿಲೋಮೀಟರ್, ಉಡುಪಿಯಿಂದ ಹಿರಿಯಡಕ, ಪೆರ್ಡೂರು, ಹೆಬ್ರಿ, ಸೋಮೇಶ್ವರದ ಮೇಲೆ ಸುಮಾರು 55. ಮಳೆಗಾಲದಲ್ಲಿ ಮಣ್ಣು ಕುಸಿದಾಗ ಸಂಚಾರ ನಿರ್ಬಂಧಿಸುವುದುಂಟು, ವಿಚಾರಿಸಿ ಹೊರಡುವುದು ಒಳ್ಳೆಯದು. ಸೂರ್ಯಾಸ್ತ ನೋಡಬೇಕೆನ್ನುವವರು ಚಳಿಗಾಲದಲ್ಲಿ ಬನ್ನಿ. ಸಾಧ್ಯವಾದರೆ ನಿಮ್ಮ ಗಾಡಿಯನ್ನು ಮೇಲೆಯೇ ಬಿಟ್ಟು, ಒಂದು ಸಲವಾದರೂ ಮಿನಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಘಾಟಿ ಇಳಿಯಿರಿ. ಕಾಡನ್ನು ಆಮೇಲೆ ನೋಡಿದರಾಯಿತು. ಮೊದಲು ಚಾಲಕನ ಕೈಗಳನ್ನು ನೋಡಿ.